ನನಗೊಬ್ಬನಿಗೇ ಗೊತ್ತಿದ್ದ ಪೆಟ್ಟಿಗೆ

ಹತ್ತಿಯ ಸುಗ್ಗಿಯಲ್ಲಿ ಆದವಾನಿ ಸೀಮೆಯ ಯಾವ ಕಂಪ್ಯೂಟರ್ ಬಿಚ್ಚಿದರೂ ಒಳಗೆ ಅರಳೆ ಸಿಗುತ್ತದೆ. ಪಕ್ಕದ ತಗಡಿನ ಎರಡು ಸ್ಕ್ರೂ ತೆಗೆದು ಸರಿಸಿದರೆ ಫ್ಯಾನಿನ ರೆಕ್ಕೆಗಳಿಗೂ ಅದರ ಕೆಳಗಿನ ಅಲ್ಯೂಮಿನಿಯಂ ಹಲ್ಲುಗಳ ಸಂದಿಗೂ ಬೂದು ಬಣ್ಣದ ಮೆತ್ತನೆಯ ಪದರ ಕೂತಿರುತ್ತದೆ. ಬೆರಳಲ್ಲಿ ಹಿಡಿದೆಳೆದರೆ ದೇವರ ಮುಂದೆ ಹಚ್ಚುವ ಬತ್ತಿಯ ಹಾಗೆ ಒಂದೇ ಎಳೆಯಾಗಿ ಬಿಡಿಸಿಕೊಂಡು ಬರುತ್ತದೆ. ಜಿನ್ನಿಂಗ್ ಮಿಲ್ಲು ಫರ್ಲಾಂಗು ದೂರವಿದ್ದರೂ ಗಾಳಿ ತಂದು ಹಾಕುತ್ತದೆ. ಪದರ ದಪ್ಪವಾದ ಹಾಗೆ ಫ್ಯಾನು ಮೊದಲು ಗೊರಗುಟ್ಟುತ್ತದೆ, ಆಮೇಲೆ ಸುಮ್ಮನಾಗುತ್ತದೆ. ಅದು ಸುಮ್ಮನಾದ ಮೇಲೆ ಒಳಗಿನ ಚಿಪ್ಪು ಕಾದು, ಸುಟ್ಟುಹೋಗದಂತೆ ತಾನೇ ಆರಿಕೊಳ್ಳುತ್ತದೆ. ಮನೆಯ ಕಂಪ್ಯೂಟರಾದರೆ ಆರಿದ್ದು ಮನೆಯವರಿಗಷ್ಟೇ ಗೊತ್ತು. ನಾನು ಹೇಳಹೊರಟ ಕಂಪ್ಯೂಟರ್ ಆರಿದರೆ ಎಮ್ಮಿಗನೂರಿನ ಇನ್ನೂರು ಚಿಲ್ಲರೆ ಮನೆ, ಅಂಗಡಿಗಳ ಇಂಟರ್ನೆಟ್ಟೂ ಜೊತೆಗೇ ಆರುತ್ತಿತ್ತು.

ಅದನ್ನು ಅಲ್ಲಿ ಕೂರಿಸಿದವನು ನಾನು.

2010ರ ಜನವರಿ. ಒಂದು ಕೇಬಲ್ ಕಂಟ್ರೋಲ್ ರೂಮಿನಲ್ಲಿ ಕೆಲಸಕ್ಕಿದ್ದೆ. ಯಜಮಾನರು ಟಿವಿಯ ಜೊತೆಗೆ ನೆಟ್ಟನ್ನೂ ಕೊಡೋಣ ಎಂದು ಮನಸ್ಸು ಮಾಡಿದ್ದರು. ಹೊರಗಿನಿಂದ ಬರುವ ಒಂದು ಲೈನನ್ನು ಇಷ್ಟು ಮನೆಗಳಿಗೆ ಹಂಚಬೇಕಾದರೆ ನಡುವೆ ರೂಟರ್ ಬೇಕು. ಕಂಪನಿಯ ರೂಟರಿಗೆ ಹೇಳಿದ ಬೆಲೆ ಕೇಳಿ ಅವರು ಪುಸ್ತಕ ಮುಚ್ಚಿಟ್ಟರು. ಆಗ ನಾನು, ಮುಚ್ಚಿಹೋಗಿದ್ದ ಒಂದು ನೆಟ್ ಸೆಂಟರಿನಿಂದ ಹಳೆಯ ಪೆಂಟಿಯಂ 4 ಒಂದನ್ನು 3,500 ರೂಪಾಯಿಗೆ ತಂದೆ. ಎರಡು ಲ್ಯಾನ್ ಕಾರ್ಡು ಸಿಕ್ಕಿಸಿದೆ, ಲಿನಕ್ಸ್ ಹಾಕಿದೆ. ಮೂರು ರಾತ್ರಿ ಕೂತು ಯಾರಿಗೆ ಎಷ್ಟು ವೇಗ, ಯಾವುದು ಒಳಗೆ ಬರಬೇಕು, ಯಾವುದು ಬರಬಾರದು ಎಂಬ ಸಾಲುಗಳನ್ನೆಲ್ಲ ಬರೆದೆ. ನಾಲ್ಕನೆಯ ಬೆಳಗ್ಗೆ ಮಾನಿಟರನ್ನೂ ಕೀಬೋರ್ಡನ್ನೂ ಕಳಚಿ ಬಿಲ್ಲಿಂಗ್ ಕೌಂಟರಿಗೆ ಕೊಟ್ಟುಬಿಟ್ಟೆ. ಕೀಬೋರ್ಡ್ ಇಲ್ಲದಿದ್ದರೆ ಆ ಕಂಪ್ಯೂಟರ್ ಮುಂದೆ ಹೋಗದೆ, ಕೀಬೋರ್ಡ್ ಇಲ್ಲ, ಎಫ್1 ಒತ್ತಿ ಎಂದು ನಿಂತುಬಿಡುತ್ತಿತ್ತು. ಒತ್ತಲು ಕೀಬೋರ್ಡೇ ಇಲ್ಲವಲ್ಲ! ಬಯಾಸಿನಲ್ಲಿ ಅದನ್ನು ತಪ್ಪಿಸಿದೆ. ಕರೆಂಟು ಹೋಗಿ ಬಂದಾಗ ತಾನೇ ಎದ್ದುಕೊಳ್ಳುವ ಹಾಗೆಯೂ ಮಾಡಿದೆ. ಒಂದು ಬರಿಯ ತಗಡಿನ ಪೆಟ್ಟಿಗೆ, ಅದರ ಬೆನ್ನಿಗೆ ಎರಡು ವೈರು, ಮಿಣುಕುವ ಹಸಿರು ದೀಪ. ಲೈನು ಲೈವ್ ಆದಾಗ ಯಜಮಾನರು ಊದುಬತ್ತಿ ಹಚ್ಚಿದರು. ನನಗೆ ಆದ ಸಂತೋಷ ಇವತ್ತಿಗೂ ನೆನಪಿದೆ, ಅದರಲ್ಲಿ ಸುಳ್ಳಿರಲಿಲ್ಲ.

ಮನೆಯ ಕಂಪ್ಯೂಟರನ್ನು ಹೀಗೆ ದಾರಿ ಕಾಯಲು ನಿಲ್ಲಿಸುವುದು ಹಳ್ಳಿ ಕಡೆಯ ಜುಗಾಡ್ ಎಂದು ಅನೇಕರು ತಿಳಿದಿದ್ದಾರೆ. ಇಂಟರ್ನೆಟ್ ಹುಟ್ಟಿದ್ದೇ ಹಾಗೆ. 1969ರಲ್ಲಿ ಅಮೆರಿಕದ ವಿಶ್ವವಿದ್ಯಾಲಯಗಳ ನಡುವೆ ಮೊದಲ ಜಾಲ ಎಳೆದಾಗ, ಸಂದೇಶಗಳನ್ನು ಅತ್ತಿತ್ತ ದಾಟಿಸಲು ನಿಂತದ್ದು ಹನಿವೆಲ್ ಕಂಪನಿಯ ಡಿಡಿಪಿ-516 ಎಂಬ ಮಿನಿ ಕಂಪ್ಯೂಟರ್. ಇದೇ ಕೆಲಸಕ್ಕೆಂದು ಹುಟ್ಟಿದ್ದಲ್ಲ, ಬೇರೆ ಬೇರೆ ಕೆಲಸಕ್ಕೂ ಮಾರಾಟವಾಗುತ್ತಿದ್ದ ಯಂತ್ರ. 1986ರಲ್ಲಿ ಎನ್‌ಎಸ್‌ಎಫ್‌ನೆಟ್ ಎಂಬ ಜಾಲ ಆರಂಭವಾದಾಗ ಡೇವಿಡ್ ಮಿಲ್ಸ್ ಎಂಬವರು ಪಿಡಿಪಿ-11 ಜಾತಿಯ ಕಂಪ್ಯೂಟರಿಗೆ ಬರೆದ ತಂತ್ರಾಂಶವೇ ಅದರ ಕೂಡುದಾರಿಗಳನ್ನು ಕಾಯಿತು. ಅದಕ್ಕೆ ಫಜ್‌ಬಾಲ್ ಎಂದು ಹೆಸರು. ಇಡೀ ಜಾಲದ ವೇಗ ಸೆಕೆಂಡಿಗೆ 56 ಕಿಲೋಬಿಟ್. ಎರಡು ವರ್ಷಕ್ಕೆ ಅದು ಸಾಲದೆ ಬಂದಾಗ, 1988ರಲ್ಲಿ ಒಂದೊಂದು ಕೂಡುದಾರಿಯಲ್ಲೂ ಐಬಿಎಂನ ಆರ್‌ಟಿ ಕಂಪ್ಯೂಟರುಗಳನ್ನು ಒಂಬತ್ತೊಂಬತ್ತರಂತೆ ಜೋಡಿಸಿ ನಿಲ್ಲಿಸಿದರು. ಸ್ಟ್ಯಾನ್‌ಫರ್ಡಿನಲ್ಲಿ ಬಿಲ್ ಯೇಗರ್ ಎಂಬವರು ಪಿಡಿಪಿ-11ರ ಮೇಲೆ ಬರೆಯಲು ಶುರುಮಾಡಿದ ಕೆಲಸವೇ ಮುಂದೆ 1984ರಲ್ಲಿ ಹುಟ್ಟಿದ ಸಿಸ್ಕೋ ಕಂಪನಿಯ ಮೊದಲ ಸರಕಿಗೆ ಬುನಾದಿಯಾಯಿತು. ಬಾಲ್ಟಿಕ್ ತೀರದ ಲಾಟ್ವಿಯಾದಲ್ಲಿ 1996ರಲ್ಲಿ ಶುರುವಾದ ಮೈಕ್ರೋಟಿಕ್ ಕಂಪನಿಯೂ ಮೊದಲು ಮಾಡಿದ್ದು ಸಾಮಾನ್ಯ ಪಿಸಿಯನ್ನು ರೂಟರ್ ಮಾಡುವ ತಂತ್ರಾಂಶವನ್ನೇ, ಪೆಟ್ಟಿಗೆ ಆಮೇಲೆ ಬಂತು. ಇವತ್ತು ನಮ್ಮ ಊರುಗಳ ಕೇಬಲ್ ಆಫೀಸುಗಳಲ್ಲಿ ಅವರ ಬಿಳಿ ಪೆಟ್ಟಿಗೆ ನೋಡದವರು ಕಡಿಮೆ.

ಹಾಗಾದರೆ ಕಂಪನಿಯ ಪೆಟ್ಟಿಗೆ ಯಾಕೆ ಬೇಕು? ಅದಕ್ಕೂ ಕಾರಣವಿದೆ, ಅದನ್ನು ಮರೆಮಾಚಿ ಬರೆಯಲಾರೆ. ರೂಟರಿನ ಕೆಲಸ ಎರಡು. ಯಾವ ಊರಿಗೆ ಯಾವ ದಾರಿ ಎಂದು ತಿಳಿದಿಟ್ಟುಕೊಳ್ಳುವುದು ಒಂದು. ಬಂದ ಪ್ರತಿ ಪ್ಯಾಕೆಟ್ಟಿನ ವಿಳಾಸ ನೋಡಿ ಸರಿಯಾದ ವೈರಿಗೆ ದಾಟಿಸುವುದು ಇನ್ನೊಂದು. ಮೊದಲನೆಯದಕ್ಕೆ ನೆನಪಿನ ಜಾಗ ಬೇಕು, ಅದು ಸಾಮಾನ್ಯ ಕಂಪ್ಯೂಟರಿನಲ್ಲಿ ಧಾರಾಳ. 2014ರ ಆಗಸ್ಟ್ 12ರಂದು ಇಂಟರ್ನೆಟ್ಟಿನ ದಾರಿಗಳ ಪಟ್ಟಿ 5,12,000 ಸಾಲು ದಾಟಿದಾಗ, ಅಷ್ಟಕ್ಕೇ ಜಾಗ ಮಾಡಿಟ್ಟುಕೊಂಡಿದ್ದ ಹಳೆಯ ದುಬಾರಿ ರೂಟರುಗಳು ಜಗತ್ತಿನ ಹಲವು ಕಡೆ ತತ್ತರಿಸಿದವು. ಸಾಮಾನ್ಯ ಕಂಪ್ಯೂಟರಿಗೆ ಅದು ಒಂದು ಲೆಕ್ಕವೇ ಅಲ್ಲ. ಇಂಟರ್ನೆಟ್ ಕಂಪನಿಗಳು ಪರಸ್ಪರ ಕೂಡುವ ವಿನಿಮಯ ಕೇಂದ್ರಗಳಲ್ಲಿ ದಾರಿಗಳ ಪಟ್ಟಿ ಹಂಚುವುದಕ್ಕೆ ಇವತ್ತಿಗೂ ಎಷ್ಟೋ ಕಡೆ ಸಾಮಾನ್ಯ ಸರ್ವರುಗಳನ್ನೇ ನಂಬುತ್ತಾರೆ. ಪ್ರಾಗ್ ನಗರದ ಚಾರ್ಲ್ಸ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಬರ್ಡ್ ಎಂಬ ತಂತ್ರಾಂಶ ಅದಕ್ಕೆ ಹೆಸರುವಾಸಿ.

ಎರಡನೆಯ ಕೆಲಸದಲ್ಲಿ ಸಾಮಾನ್ಯ ಕಂಪ್ಯೂಟರ್ ಏದುಸಿರು ಬಿಡುತ್ತದೆ. ಸೆಕೆಂಡಿಗೆ ಒಂದು ಗಿಗಾಬಿಟ್ ಸಾಗಿಸುವ ಲೈನಿನಲ್ಲಿ ಅತಿ ಸಣ್ಣ ಪ್ಯಾಕೆಟ್ಟುಗಳೇ ಬಂದರೆ ಅವುಗಳ ಎಣಿಕೆ ಸೆಕೆಂಡಿಗೆ 14,88,000 ದಾಟುತ್ತದೆ. ಒಂದೊಂದೂ ಬಂದು ಬಾಗಿಲು ತಟ್ಟಿದಾಗ ಕೈಲಿದ್ದ ಕೆಲಸ ಬಿಟ್ಟು ಎದ್ದು ನೋಡಬೇಕಾದವನ ಸ್ಥಿತಿ ಅದರದ್ದು. ಕಂಪನಿಯ ದೊಡ್ಡ ಪೆಟ್ಟಿಗೆಯಲ್ಲಿ ಆ ಒಂದೇ ಕೆಲಸಕ್ಕೆ ಕೆತ್ತಿದ ಚಿಪ್ಪಿರುತ್ತದೆ, ಅದಕ್ಕೆ ಬೇರೆ ಯೋಚನೆಯೇ ಇಲ್ಲ. ನಮ್ಮ ಎಮ್ಮಿಗನೂರಿನಲ್ಲಿ ಒಬ್ಬರ ಮನೆಯ ಕಂಪ್ಯೂಟರಿಗೆ ವೈರಸ್ ಹೊಕ್ಕು ಸಣ್ಣ ಪ್ಯಾಕೆಟ್ಟುಗಳನ್ನು ಕಡಲೆಕಾಯಿ ಚೀಲ ಹರಿದ ಹಾಗೆ ಸುರಿಸಿದ ದಿನ, ಲೈನಿನಲ್ಲಿ ವೇಗ ಅರ್ಧಕ್ಕರ್ಧ ಉಳಿದಿದ್ದರೂ ನನ್ನ ಪೆಂಟಿಯಂ ಉಸಿರುಗಟ್ಟಿ ನಿಂತಿತ್ತು. ಇನ್ನು ಕರೆಂಟಿನ ಲೆಕ್ಕ. 80 ವ್ಯಾಟ್ ಎಳೆಯುವ ಕಂಪ್ಯೂಟರ್ ಹಗಲಿರುಳು ಓಡಿದರೆ ತಿಂಗಳಿಗೆ ಐವತ್ತೇಳು ಐವತ್ತೆಂಟು ಯೂನಿಟ್. ಹತ್ತು ವ್ಯಾಟಿನ ಪುಟ್ಟ ಪೆಟ್ಟಿಗೆಗೆ ಏಳು ಯೂನಿಟ್ ಸಾಕು. ಅಗ್ಗಕ್ಕೆ ತಂದೆ ಎಂದು ಬೀಗಿದ ನಾನು, ಉಳಿದ ಐವತ್ತು ಯೂನಿಟ್ಟಿನ ಹಣವನ್ನು ಯಜಮಾನರಿಂದ ತಿಂಗಳು ತಿಂಗಳೂ ಕಟ್ಟಿಸುತ್ತಿದ್ದೆ. ಅವರಿಗೆ ಅದನ್ನು ನಾನು ಹೇಳಿರಲಿಲ್ಲ.

ಆ ದಿನಗಳಲ್ಲಿ ನಾನು ಇದ್ದದ್ದು ನನ್ನ ಊರು ನಾಗಲದಿನ್ನೆಯಲ್ಲಿ, ತುಂಗಭದ್ರೆಯ ದಂಡೆಯ ಮೇಲೆ. ದಿನಾ ಬಸ್ಸಿನಲ್ಲಿ ಎಮ್ಮಿಗನೂರಿಗೆ ಹೋಗಿಬರುತ್ತಿದ್ದೆ. 2009ರ ಅಕ್ಟೋಬರ್ ಮೊದಲ ವಾರದ ನೆರೆ ಊರನ್ನು ತೊಳೆದು ಮೂರು ತಿಂಗಳಾಗಿತ್ತು. ಮಂತ್ರಾಲಯದ ಮಠದೊಳಕ್ಕೆ ನೀರು ನುಗ್ಗಿದ್ದು, ಕರ್ನೂಲು ಪಟ್ಟಣ ಮುಳುಗಿದ್ದು, ಕೆಳಗೆ ಶ್ರೀಶೈಲದ ಅಣೆಕಟ್ಟೆಗೆ ಹಿಂದೆಂದೂ ಬಾರದಷ್ಟು ನೀರು ಬಂದದ್ದು ಆ ನೆರೆಯಲ್ಲೇ. ನಮ್ಮ ಸೇತುವೆಯೂ ಆ ನೀರಿಗೆ ತಡೆಯಲಿಲ್ಲ. ಆಚೆ ದಡದ ಐಜದ ಕಡೆ ಬೀಗರು, ಹೊಲ, ಸಂತೆ ಇದ್ದವರು ಮತ್ತೆ ಹರಿಗೋಲಿಗೆ ಬಂದರು. ನಮ್ಮ ಕಡೆ ಅದನ್ನು ಪುಟ್ಟಿ ಎನ್ನುತ್ತಾರೆ.

ಹರಿಗೋಲು ನೋಡಿದವರಿಗೆ ಅದು ಎಷ್ಟು ಸಾಮಾನ್ಯ ವಸ್ತು ಎಂದು ಗೊತ್ತು. ಬಿದಿರಿನ ದೊಡ್ಡ ಬುಟ್ಟಿ. ಹಿಂದೆ ಅದಕ್ಕೆ ತೊಗಲು ಹೊದಿಸುತ್ತಿದ್ದರು, ಈಗ ಪ್ಲಾಸ್ಟಿಕ್ ಚೀಲ ಹೊಲಿದು ಡಾಂಬರು ಬಳಿಯುತ್ತಾರೆ. ಇದೇ ನದಿಯ ಮೇಲ್ದಂಡೆಯಲ್ಲಿ, ವಿಜಯನಗರದ ದಿನಗಳಲ್ಲಿ, ಪೋರ್ತುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಬುಟ್ಟಿಯಂಥ ಈ ದುಂಡು ದೋಣಿಗಳನ್ನು ಕಂಡು ಬರೆದಿಟ್ಟಿದ್ದಾನೆ. ಆಗಲೂ ಜನ, ದನ ಅದರಲ್ಲೇ ದಾಟುತ್ತಿದ್ದರು. ಐನೂರು ವರ್ಷಗಳಲ್ಲಿ ಹೊದಿಕೆ ಬದಲಾಯಿತು, ಬುಟ್ಟಿ ಬದಲಾಗಲಿಲ್ಲ.

ಒಂದು ಭಾನುವಾರ ಆಚೆ ದಡಕ್ಕೆ ಹೋಗಲು ಕಾಯುತ್ತಿದ್ದೆ. ಅಂಬಿಗ ಬುಟ್ಟಿಯನ್ನು ಬೋರಲು ಹಾಕಿಕೊಂಡು, ಸಣ್ಣ ಡಬ್ಬಿಯಲ್ಲಿ ಡಾಂಬರು ಕಾಯಿಸಿ, ಕಡ್ಡಿಗೆ ಬಟ್ಟೆ ಸುತ್ತಿ ಅಲ್ಲಲ್ಲಿ ಒತ್ತುತ್ತಿದ್ದ. ಪಕ್ಕದಲ್ಲಿ ಹತ್ತು ಹನ್ನೊಂದರ ಮೊಮ್ಮಗ. ಮುದುಕ ತಾನು ಒತ್ತಿದ ಕಡೆ ಹುಡುಗನ ಬೆರಳು ಹಿಡಿದು ಒತ್ತಿಸುತ್ತಿದ್ದ, ಮೆತ್ತಗಾಗಿದೆಯೋ ಗಟ್ಟಿ ಇದೆಯೋ ಎಂದು ಕೇಳುತ್ತಿದ್ದ. ನನಗೆ ಹೊತ್ತಾಗುತ್ತಿತ್ತು.

‘ಮಾವಾ, ನೀನಽ ಬಡಬಡ ಹಚ್ಚಿಬಿಟ್ರ ಮುಗೀತದಲ್ಲ?’ ಅಂದೆ.

‘ನಾ ಹಚ್ಚಿದ್ದು ನನಗಽ ಗೊತ್ತಿದ್ರ ಏನ್ ಬಂತು ಅಳಿಯಾ?’ ಅಂದ ಅವನು, ತಲೆ ಎತ್ತದೆ. ‘ನಾಳೆ ನನಗ ಜ್ವರ ಬಂದ್ರ ನೀನು ಈ ದಂಡಿ ಮ್ಯಾಗಽ ಕುಂದರ್ತಿ.’

ಆ ಮಾತು ನನ್ನ ಕಿವಿಗೆ ಬಿದ್ದಿತು, ಒಳಗೆ ಇಳಿಯಲಿಲ್ಲ. ಇಳಿಯಲು ಎರಡು ವರ್ಷಕ್ಕಿಂತ ಹೆಚ್ಚು ಹಿಡಿಯಿತು.

2012ರಲ್ಲಿ ಅಕ್ಕನ ಮಗನ ಮದುವೆಗೆ ಧಾರವಾಡಕ್ಕೆ ಹೋಗಿದ್ದೆ. ಫೋನು ಬ್ಯಾಗಿನಲ್ಲಿತ್ತು, ಕಲ್ಯಾಣ ಮಂಟಪದಲ್ಲಿ ವಾಲಗದ ಸದ್ದು. ಊಟ ಮುಗಿಸಿ ನಾಲ್ಕು ಗಂಟೆಗೆ ತೆಗೆದು ನೋಡಿದರೆ ಹತ್ತೊಂಬತ್ತು ಮಿಸ್ಡ್ ಕಾಲ್. ಕಂಟ್ರೋಲ್ ರೂಮಿನಲ್ಲಿ ನನ್ನ ಕೈಕೆಳಗೆ ಲೈನ್ ಎಳೆಯಲು ಬರುತ್ತಿದ್ದ ಹುಡುಗ ಒಬ್ಬನಿದ್ದ, ಇಂಟರ್ ಮುಗಿಸಿದವನು. ಅವನದೇ ಹತ್ತೊಂಬತ್ತೂ.

‘ಅಣ್ಣಾ, ಮುಂಜಾನೆ ಒಂಬತ್ತೂವರಿಗೆ ಕರೆಂಟು ಹೋಗಿ ಬಂತಣ್ಣ. ಅವಾಗಿಂದ ನೆಟ್ ಇಲ್ಲ. ಪೆಟಿಗಿ ದೀಪ ಹತ್ತೈತಿ, ಫ್ಯಾನ್ ತಿರಗತೈತಿ, ನೆಟ್ ಬರವಲ್ದು. ನಾ ಏನೂ ಮುಟ್ಟಿಲ್ಲಣ್ಣ.’

ಏನೂ ಮುಟ್ಟಿಲ್ಲ ಎಂಬ ಮಾತನ್ನು ಅವನು ಮೂರು ಸಲ ಹೇಳಿದ. ಅದನ್ನು ಕಲಿಸಿದವನೂ ನಾನೇ. ‘ಆ ಪೆಟಿಗಿ ಮಾತ್ರ ಮುಟ್ಟಬ್ಯಾಡ’ ಎಂದು ಮೊದಲ ದಿನವೇ ಹೇಳಿದ್ದೆ.

ಆಗಿದ್ದೇನೆಂದರೆ, ಕರೆಂಟು ತಟ್ಟನೆ ಹೋದಾಗ ಹಾರ್ಡ್ ಡಿಸ್ಕಿನಲ್ಲಿ ಅರ್ಧ ಬರೆದದ್ದು ಅರ್ಧಕ್ಕೇ ನಿಂತಿತ್ತು. ಮತ್ತೆ ಎದ್ದ ಲಿನಕ್ಸ್ ಅದನ್ನು ಕಂಡು, ಡಿಸ್ಕನ್ನು ಕೈಯಾರೆ ಪರೀಕ್ಷಿಸಬೇಕು, ರೂಟ್ ಪಾಸ್‌ವರ್ಡ್ ಕೊಡಿ ಎಂದು ಕೇಳುತ್ತಾ ನಿಂತಿತ್ತು. ಕೇಳುತ್ತಿದ್ದುದನ್ನು ತೋರಿಸಲು ಮಾನಿಟರ್ ಇರಲಿಲ್ಲ. ಉತ್ತರ ಕೊಡಲು ಕೀಬೋರ್ಡ್ ಇರಲಿಲ್ಲ. ಪಾಸ್‌ವರ್ಡ್ ಧಾರವಾಡದ ಮದುವೆ ಮನೆಯಲ್ಲಿ ಹೋಳಿಗೆ ಊಟ ಮಾಡುತ್ತಿತ್ತು. ಏಳು ಗಂಟೆ ಹೊತ್ತು ಆ ಯಂತ್ರ ಕತ್ತಲಲ್ಲಿ ಒಂದೇ ಪ್ರಶ್ನೆ ಹಿಡಿದು ನಿಂತಿದ್ದನ್ನು ನೆನೆದರೆ ಇವತ್ತಿಗೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಬಿಲ್ಲಿಂಗ್ ಕೌಂಟರಿನ ಮಾನಿಟರ್, ಕೀಬೋರ್ಡ್ ತಂದು ಸಿಕ್ಕಿಸಲು ಹೇಳಿದೆ. ಫೋನಿನಲ್ಲಿ ಒಂದೊಂದೇ ಅಕ್ಷರ ಹೇಳಿದೆ: ಎಫ್, ಎಸ್, ಸಿ, ಕೆ, ಸ್ಪೇಸು, ಮೈನಸ್ಸು, ವೈ. ಅವನು ಒಂದೊಂದನ್ನೂ ತಿರುಗಿ ಹೇಳಿ ಒತ್ತಿದ. ಐದು ಗಂಟೆಗೆ ನೆಟ್ ಬಂತು. ಆ ಹುಡುಗ ಅದನ್ನು ಒಂಬತ್ತೂ ಮುಕ್ಕಾಲಿಗೇ ಮಾಡಬಲ್ಲವನಾಗಿದ್ದ.

ಯುಪಿಎಸ್ ಬ್ಯಾಟರಿ ಸತ್ತು ಎರಡು ತಿಂಗಳಾಗಿದ್ದೂ ನನಗೆ ಗೊತ್ತಿತ್ತು. ಮುಂದಿನ ತಿಂಗಳು ಹೇಳೋಣ ಎಂದುಕೊಂಡಿದ್ದೆ.

ಊರಿಗೆ ಬಂದ ಮರುದಿನ ಕಟ್ಟೆಯ ಮೇಲೆ ನಮ್ಮ ಓಣಿಯ ಒಬ್ಬರು ಸಿಕ್ಕರು, ಗೌಂಡಿಯ ಕೈಕೆಳಗೆ ಕೂಲಿ ಮಾಡುವವರು. ಮಗಳು ಇಂಜಿನಿಯರಿಂಗ್ ಕೌನ್ಸೆಲಿಂಗಿಗೆ ವೆಬ್ ಆಪ್ಷನ್ ಕೊಡಬೇಕಿತ್ತು, ಅವತ್ತೇ ಕೊನೆಯ ದಿನ. ಬೆಳಗಿನ ಬಸ್ಸಿಗೆ ಎಮ್ಮಿಗನೂರಿಗೆ ಕರೆದುಕೊಂಡು ಹೋದರೆ ನೆಟ್ ಸೆಂಟರಿನಲ್ಲಿ ಲೈನ್ ಇಲ್ಲ. ಮಧ್ಯಾಹ್ನದವರೆಗೆ ಬೆಂಚಿನ ಮೇಲೆ ಕೂತಿದ್ದಾರೆ. ಆಮೇಲೆ ಯಾರೋ ಹೇಳಿದರೆಂದು ಆದವಾನಿ ಬಸ್ಸು ಹತ್ತಿದ್ದಾರೆ. ಅಲ್ಲಿ ಕೆಲಸ ಆಗುವಷ್ಟರಲ್ಲಿ ರಾತ್ರಿ, ಊರಿಗೆ ಬಸ್ಸಿಲ್ಲ. ತಂದೆ ಮಗಳು ಬಸ್ ಸ್ಟ್ಯಾಂಡಿನಲ್ಲೇ ಬೆಳಗು ಮಾಡಿದ್ದಾರೆ.

‘ಎಮ್ಮಿಗನೂರಾಗ ನಿನ್ನಿ ಮೊನ್ನಿ ನೆಟ್ ಇರಲಿಲ್ಲ ನೋಡಪ್ಪ. ರಾಯರು ದೊಡ್ಡವರು, ಆದವಾನ್ಯಾಗ ಸಿಕ್ತು’ ಅಂದರು.

ಮಳೆ ಇರಲಿಲ್ಲ ಎಂದು ಹೇಳುವ ಹಾಗೆ ಹೇಳಿದರು. ಯಾರ ಮೇಲೂ ಸಿಟ್ಟಿಲ್ಲ, ದೂರಿಲ್ಲ. ಆಕಾಶದ ಕೆಲಸ, ಆಯಿತು, ಹೋಯಿತು. ನಾನು ಅವರೆದುರು ನಿಂತಿದ್ದೆ, ಬಾಯಿ ಬರಲಿಲ್ಲ. ಅವರ ಒಂದು ದಿನದ ಕೂಲಿ, ಇಬ್ಬರ ಬಸ್ ಚಾರ್ಜು, ಆ ಮಗುವಿನ ಒಂದು ರಾತ್ರಿಯ ನಿದ್ದೆ, ಎಲ್ಲಕ್ಕೂ ಒಂದು ವಿಳಾಸವಿತ್ತು. ಅದು ನನ್ನದು.

ಅವತ್ತಿನಿಂದ ನನ್ನನ್ನು ಬಿಡದೆ ಕಾಡಿದ್ದು ಇದು. ನನ್ನ ತಪ್ಪು ಸಾಮಾನ್ಯ ಕಂಪ್ಯೂಟರನ್ನು ಆ ಜಾಗದಲ್ಲಿ ನಿಲ್ಲಿಸಿದ್ದೇ? ಬಹಳ ಜನ ಹೌದು ಎನ್ನುತ್ತಾರೆ. ಯಜಮಾನರೂ ಅಂದರು. ನಾನು ಒಪ್ಪಲಾರೆ. ದುಡ್ಡಿಲ್ಲದ ಕಡೆ ಕೈಗೆ ಸಿಕ್ಕ ಬಿದಿರಿನಿಂದ ದೋಣಿ ಮಾಡಿಕೊಂಡವನನ್ನು ತಪ್ಪಿತಸ್ಥ ಎನ್ನುವುದಾದರೆ ಈ ನದಿಯನ್ನು ಯಾರೂ ದಾಟುತ್ತಲೇ ಇರಲಿಲ್ಲ. ಆ ಪೆಂಟಿಯಂ ಇರದಿದ್ದರೆ ಅಷ್ಟು ಮನೆಗಳಿಗೆ ಆಗ ನೆಟ್ಟೇ ಇರುತ್ತಿರಲಿಲ್ಲ, ಆ ನೆಟ್ ಸೆಂಟರೂ ಇರುತ್ತಿರಲಿಲ್ಲ.

ಸಾಮಾನ್ಯ ಕಂಪ್ಯೂಟರಿಗೆ ಒಂದು ದೊಡ್ಡ ಗುಣವಿದೆ: ಅದು ಬಿಚ್ಚಲು ಬರುತ್ತದೆ. ಸ್ಕ್ರೂ ಡ್ರೈವರ್ ಇದ್ದವನು ಬಿಚ್ಚಬಹುದು. ಸುಟ್ಟ ಎಸ್‌ಎಂಪಿಎಸ್ ಬದಲು ಇನ್ನೊಂದು ಆದವಾನಿಯ ಅಂಗಡಿಯಲ್ಲೇ ಸಿಗುತ್ತದೆ. ಒಳಗಿನ ಸಾಲುಗಳನ್ನು ಯಾರು ಬೇಕಾದರೂ ಓದಬಹುದು, ಕಲಿಯಬಹುದು, ತಿದ್ದಬಹುದು. ಕಂಪನಿಯ ಪೆಟ್ಟಿಗೆ ಮುಚ್ಚಿರುತ್ತದೆ. ಆದರೆ ಮುಚ್ಚಿಟ್ಟವರು ಅದರ ಜೊತೆಗೆ ಒಂದು ಪುಸ್ತಕ ಕೊಡುತ್ತಾರೆ, ಒಂದು ಫೋನ್ ನಂಬರ್ ಕೊಡುತ್ತಾರೆ, ನಾವು ಕೊಟ್ಟ ದುಡ್ಡಿನಲ್ಲಿ ಒಂದು ಪಾಲು ಆ ಹೊಣೆಗೂ ಸೇರಿರುತ್ತದೆ. ನಾನು ಎರಡೂ ಕಡೆಯ ಕೆಟ್ಟದ್ದನ್ನು ಒಟ್ಟಿಗೆ ಸೇರಿಸಿದ್ದೆ. ಬಿಚ್ಚಲು ಬರುವ ಯಂತ್ರವನ್ನು ತಂದು ನನ್ನ ತಲೆಯೊಳಗಿಟ್ಟು ಮುಚ್ಚಿದ್ದೆ. ಪುಸ್ತಕವೂ ಇಲ್ಲ, ನಂಬರೂ ಇಲ್ಲ, ಇದ್ದ ಒಂದು ನಂಬರ್ ವಾಲಗದ ಸದ್ದಿನಲ್ಲಿ ಕೇಳಲಿಲ್ಲ. ಕಂಪನಿಯವರ ಬೀಗಕ್ಕೆ ಹೈದರಾಬಾದಿನಲ್ಲಾದರೂ ಕೀಲಿಕೈ ಇರುತ್ತದೆ.

ಇನ್ನೂ ಒಳಗೆ ಇಳಿದು ನೋಡಿದರೆ, ಯಾಕೆ ಹಾಗೆ ಮಾಡಿದೆ? ಸಮಯ ಇರಲಿಲ್ಲ ಎಂಬುದು ನಿಜವಲ್ಲ. ಬರೆದಿಡಲು ಒಂದು ಸಂಜೆ ಸಾಕಿತ್ತು. ಆ ಪೆಟ್ಟಿಗೆ ನನಗೊಬ್ಬನಿಗೇ ಗೊತ್ತು ಎಂಬುದರಲ್ಲಿ ನನಗೆ ಸುಖವಿತ್ತು. ಊರಿನಲ್ಲಿ ಡಿಗ್ರಿ ಇಲ್ಲದ ನಾನು, ಲೈನ್ ಕೆಟ್ಟಾಗ ಎಲ್ಲರೂ ಎದುರು ನೋಡುವ ಮನುಷ್ಯ. ಯಜಮಾನರು ಸಂಬಳ ಏರಿಸುವಾಗ ಅವರ ಕಣ್ಣ ಮುಂದೆ ಇರುತ್ತಿದ್ದದ್ದೂ ಅದೇ. ಆ ಹುಡುಗನಿಗೆ ಕಲಿಸಿದರೆ ನನ್ನದು ಅಷ್ಟು ಕಡಿಮೆಯಾಗುತ್ತದೆ ಎಂಬ ಭಯವನ್ನು ನಾನು ಅವನ ಹಿತದ ಮಾತಾಗಿ ತಿರುಗಿಸಿ, ಮುಟ್ಟಬ್ಯಾಡ, ಕೆಡ್ತದ ಎಂದಿದ್ದೆ. ಹೊಟ್ಟೆಪಾಡಿನ ಭಯವನ್ನು ನಾನು ಹಗುರ ಮಾಡುವುದಿಲ್ಲ. ಸಣ್ಣ ಊರಿನಲ್ಲಿ ಒಂದು ವಿದ್ಯೆ ಹಿಡಿದು ಬದುಕುವವರಿಗೆಲ್ಲ ಅದು ಇದೆ. ಗಡಿಯಾರ ರಿಪೇರಿಯವನಿಗೂ ಇತ್ತು, ಬೋರ್‌ವೆಲ್ ಪಾಯಿಂಟ್ ನೋಡುವವನಿಗೂ ಇದೆ. ಆದರೆ ಗಡಿಯಾರ ನಿಂತರೆ ಒಬ್ಬನಿಗೆ ಹೊತ್ತು ತಿಳಿಯುವುದಿಲ್ಲ. ನಾನು ನಿಂತದ್ದು ಇನ್ನೂರು ಮನೆಗಳ ದಾರಿಯಲ್ಲಿ.

ತಮಿಳುನಾಡಿನ ತೇನಿಯಲ್ಲಿ ಅರವಿಂದ ಕಣ್ಣಾಸ್ಪತ್ರೆಯವರು ಹಳ್ಳಿಗಳ ಕಣ್ಣು ಪರೀಕ್ಷಾ ಕೇಂದ್ರಗಳನ್ನು ಆಸ್ಪತ್ರೆಗೆ ವೈಫೈ ಕೊಂಡಿಯಿಂದ ಜೋಡಿಸಿದ ಕಥೆಯನ್ನು ನಾನು ಓದಿದ್ದು ಇದಾದ ಮೇಲೆ. ಈ ಶತಮಾನದ ಮೊದಲ ದಶಕದಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದ ತಂಡವೊಂದು ಅದನ್ನು ಕಟ್ಟಿತು. ಅಲ್ಲೂ ಲಿನಕ್ಸ್ ಓಡುವ ಅಗ್ಗದ ಪುಟ್ಟ ಕಂಪ್ಯೂಟರ್ ಬೋರ್ಡುಗಳೇ ರೂಟರುಗಳು. ಹಳ್ಳಿಯಲ್ಲಿ ಕೂತವರ ಕಣ್ಣನ್ನು ಪಟ್ಟಣದ ಡಾಕ್ಟರು ವಿಡಿಯೋದಲ್ಲಿ ನೋಡುತ್ತಿದ್ದರು. ವೈಫೈಯನ್ನು ಹತ್ತಾರು ಕಿಲೋಮೀಟರ್ ದೂರ ಒಯ್ಯುವುದೇ ಕಷ್ಟ ಎಂದು ಹೊರಗಿನವರಿಗೆ ತೋರುತ್ತದೆ. ಜಾಲವನ್ನು ವರ್ಷಗಟ್ಟಲೆ ಉಳಿಸುವಾಗ ಅವರನ್ನು ಹೆಚ್ಚು ಕಾಡಿದ್ದು ಕೆಟ್ಟ ಕರೆಂಟು. ಹೋಗಿ ಬರುವ ಕರೆಂಟಿಗೆ ಉಪಕರಣ ಸುಡುತ್ತಿದ್ದವು, ಫ್ಲ್ಯಾಶ್ ಕಾರ್ಡಿನಲ್ಲಿ ಬರೆದದ್ದು ಹಾಳಾಗುತ್ತಿತ್ತು. ಮತ್ತೊಂದು ತೊಡಕೆಂದರೆ, ಕೆಟ್ಟಾಗ ಏನಾಗಿದೆ ಎಂದು ಸ್ಥಳದಲ್ಲಿದ್ದವರಿಗೆ ತಿಳಿಯುತ್ತಿರಲಿಲ್ಲ. ಕರೆಂಟಿಗೆ ಕಾವಲು ಮಾಡಿ, ಸ್ಥಳೀಯ ಸಿಬ್ಬಂದಿಗೆ ಕಲಿಸಿದ ಮೇಲೇ ಜಾಲ ಅವರ ಕೈಗೆ ಬಂತು. ನನ್ನ ಎರಡು ಪಾಪಗಳೂ ಅಲ್ಲಿ ಸಾಲಾಗಿ ಬರೆದಿದ್ದವು. ದೊಡ್ಡ ಊರಿನ ದೊಡ್ಡ ಮಂದಿ ಅವನ್ನು ಅಡಗಿಸದೆ ಬರೆದಿಟ್ಟಿದ್ದರು ಎಂಬುದೇ ನನಗೆ ಹೆಚ್ಚಾಗಿ ತಟ್ಟಿತು.

ಕೆಲವು ತಿಂಗಳ ಮೇಲೆ ಆ ತಂದೆಗೆ ನಾನು ನಿಜ ಹೇಳಿದೆ. ಅವತ್ತು ನೆಟ್ ಹೋದದ್ದು ನನ್ನಿಂದ, ಪೆಟ್ಟಿಗೆ ನನ್ನದು, ನಾನು ಊರಲ್ಲಿರಲಿಲ್ಲ ಎಂದೆ. ಅವರು ಬೀಡಿ ಹಚ್ಚುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು. ‘ನಿನ್ನ ಪೆಟಿಗಿಗೂ ನನ್ನ ಮಗಳಿಗೂ ಏನಪ್ಪ ಸಂಬಂಧ?’ ಅಂದರು. ವಿವರಿಸಲು ಹೋದೆ. ವೈರು, ಕಂಬ, ಕಂಟ್ರೋಲ್ ರೂಮು. ಅವರು ಪೂರ್ತಿ ಕೇಳಿದರು. ಕೊನೆಗೆ ನನ್ನ ಭುಜ ತಟ್ಟಿ, ಮಗಳಿಗೆ ಕರ್ನೂಲಿನಲ್ಲಿ ಸೀಟು ಸಿಕ್ಕಿದ್ದನ್ನು ಹೇಳಿದರು. ಅವರ ಕ್ಷಮೆ ನನಗೆ ದಕ್ಕಲಿಲ್ಲ, ಯಾಕೆಂದರೆ ಅವರಿಗೆ ತಪ್ಪೇ ಕಾಣಿಸಿರಲಿಲ್ಲ. ಕಾಣದ ಜಾಗದಲ್ಲಿ ನಿಂತು ಕೆಲಸ ಮಾಡುವವರ ಪಾಡು ಇದು. ಹೊಗಳಿಕೆ ತಲುಪದ ಹಾಗೆ ಬೈಗುಳವೂ ತಲುಪುವುದಿಲ್ಲ. ಬೈಗುಳ ತಲುಪದ ಕಡೆ ಲೆಕ್ಕ ಇಡಬೇಕಾದವರು ನಾವೇ.

ಧಾರವಾಡದಿಂದ ಬಂದ ವಾರವೇ ಒಂದು ಇನ್ನೂರು ಪುಟದ ನೋಟ್ ಬುಕ್ ತಂದಿದ್ದೆ. ಎರಡನೆಯ ಹಳೆಯ ಕಂಪ್ಯೂಟರ್ ಒಂದನ್ನು ನನ್ನ ಖರ್ಚಿನಲ್ಲಿ ತಂದು ಮೊದಲನೆಯದರ ಪಡಿಯಚ್ಚು ಮಾಡಿ ಪಕ್ಕದಲ್ಲಿಟ್ಟೆ, ವೈರು ಬದಲಾಯಿಸಿದರೆ ಸಾಕು ಎನ್ನುವ ಹಾಗೆ. ನೋಟ್ ಬುಕ್ಕಿನಲ್ಲಿ ಎಲ್ಲ ಬರೆದೆ. ಯಾವ ವೈರು ಎಲ್ಲಿಂದ ಎಲ್ಲಿಗೆ, ಯಾವ ಸಾಲು ಯಾಕೆ, ಫ್ಯಾನು ಯಾವಾಗ ಒರೆಸಬೇಕು, ಏಳದಿದ್ದರೆ ಮೊದಲು ಏನು ನೋಡಬೇಕು. ಬರೆದು ಹುಡುಗನ ಕೈಗೆ ಕೊಟ್ಟೆ. ಅವನು ಎರಡು ಪುಟ ತಿರುವಿ ನಾಚಿಕೊಂಡು ನಿಂತ.

‘ಅಣ್ಣಾ, ನನಗ ಕನ್ನಡ ಮಾತಾಡಾಕ ಬರತೈತಿ. ಓದಾಕ ಬರಾಂಗಿಲ್ಲ.’

ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಕಳಚಿ ಆಂಧ್ರಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಅಂದಿನಿಂದ ಈ ಸೀಮೆಯ ಎಷ್ಟೋ ಮನೆಗಳಲ್ಲಿ ಅಡುಗೆಮನೆಯ ಭಾಷೆ ಕನ್ನಡ, ಪಾಟಿಯ ಭಾಷೆ ತೆಲುಗು. ನಾನು ಓದಿದ್ದು ಕನ್ನಡ ಶಾಲೆಯಲ್ಲಿ, ಅವನದು ತೆಲುಗು ಮೀಡಿಯಂ. ಬರೆದಿಟ್ಟರೂ ನಾನು ಮತ್ತೆ ನನಗೊಬ್ಬನಿಗೇ ತಿಳಿಯುವ ಹಾಗೆ ಬರೆದಿದ್ದೆ. ಆ ಸಂಜೆ ಇಬ್ಬರೂ ಕೂತೆವು. ನಾನು ಓದುತ್ತಾ ಹೋದೆ, ಅವನು ತನ್ನ ಕೈಯಲ್ಲಿ ಇನ್ನೊಂದು ಪುಸ್ತಕದಲ್ಲಿ ಬರೆದುಕೊಳ್ಳುತ್ತಾ ಹೋದ. ನಮ್ಮ ಮಾತನ್ನೇ, ತೆಲುಗು ಅಕ್ಷರಗಳಲ್ಲಿ. ತಿಳಿಯದ ಕಡೆ ನಿಲ್ಲಿಸಿ ಕೇಳಿದ. ಎರಡು ಕಡೆ ಅವನು ಕೇಳಿದ ಮೇಲೆ ನನಗೂ ತಿಳಿದಿಲ್ಲವೆಂದು ಗೊತ್ತಾಯಿತು, ಎರಡು ವರ್ಷದ ಹಿಂದೆ ಯಾಕೆ ಹಾಗೆ ಬರೆದೆ ಎಂದು ನನಗೇ ನೆನಪಿರಲಿಲ್ಲ. ಅವತ್ತು ಕಂಟ್ರೋಲ್ ರೂಮಿನಲ್ಲಿ ಕರೆಂಟು ಎರಡು ಸಲ ಹೋಗಿ ಬಂತು. ಹೊಸ ಬ್ಯಾಟರಿ ಹಿಡಿಯಿತು.

ನಾನು ಆ ಕೆಲಸ ಬಿಟ್ಟು ಈಗ ಬಹಳ ವರ್ಷವಾಯಿತು. ಕಂಬಗಳ ಮೇಲೆ ಈಗ ಫೈಬರ್ ಬಂದಿದೆ, ಪೆಂಟಿಯಂ ಗುಜರಿಗೆ ಹೋಗಿದೆ, ಅದರ ಜಾಗದಲ್ಲಿ ಅಂಗೈ ಅಗಲದ ಪೆಟ್ಟಿಗೆ ಕೂತಿದೆ. ಹೋದ ದಸರೆಗೆ ಎಮ್ಮಿಗನೂರಿಗೆ ಹೋದಾಗ ಕಂಟ್ರೋಲ್ ರೂಮಿನ ಮೆಟ್ಟಿಲು ಹತ್ತಿದೆ. ಹುಡುಗ ಇರಲಿಲ್ಲ, ಲೈನಿನ ಮೇಲೆ ಹೋಗಿದ್ದ. ಇನ್ನೊಬ್ಬ ಚಿಕ್ಕವನು ಕುರ್ಚಿಯಲ್ಲಿದ್ದ, ನನ್ನ ಗುರುತಿಲ್ಲ. ಪೆಟ್ಟಿಗೆಯ ಪಕ್ಕದ ಮೊಳೆಗೆ ದಾರ ಕಟ್ಟಿ ನೋಟ್ ಬುಕ್ ನೇತು ಹಾಕಿತ್ತು, ಇದು ಮೂರನೆಯದೋ ನಾಲ್ಕನೆಯದೋ ಇರಬೇಕು. ತೆಗೆದು ನೋಡಿದೆ. ತೆಲುಗು ಅಕ್ಷರ ನಮ್ಮದಕ್ಕೆ ಹತ್ತಿರವೇ, ಕೂಡಿಸಿ ಕೂಡಿಸಿ ಓದಿದರೆ ಬರುತ್ತದೆ. ಎರಡು ಮೂರು ಜನರ ಕೈಬರಹವಿತ್ತು. ಮೊದಲ ಪುಟಗಳಲ್ಲಿ ಹಳೆಯ ಪುಸ್ತಕದಿಂದ ಎತ್ತಿಕೊಂಡ ನನ್ನ ಸಾಲುಗಳು ಇನ್ನೂ ಇದ್ದವು. ಅವುಗಳಲ್ಲಿ ಒಂದರ ಮೇಲೆ ನೀಲಿ ಪೆನ್ನಿನಲ್ಲಿ ಗೀಟು ಎಳೆದು ಪಕ್ಕದಲ್ಲಿ ಬರೆದಿತ್ತು: ‘ಇದನ್ನ ತೆಗದೀನಿ. ಅಣ್ಣ ಹಾಕಿದ್ದು ಹಳೇ ಲೈನಿಗೆ, ಈಗ ಬೇಕಾಗಿಲ್ಲ. ತಿರುಗಿ ಬೇಕಾದ್ರ ಹನ್ನೊಂದನೇ ಪುಟ ನೋಡ್ರಿ.’

ಚಿಕ್ಕವನು ಕುರ್ಚಿಯಿಂದ ಎದ್ದು ಬಂದು, ‘ಅಂಕಲ್, ಅದನ್ನ ಓದಿ ಅಲ್ಲೇ ಇಡ್ರಿ, ಬ್ಯಾರೆ ಕಡೆ ಒಯ್ಯಾಂಗಿಲ್ಲ’ ಅಂದ. ದಾರ ಸರಿಮಾಡಿ ಮೊಳೆಗೆ ಹಾಕಿದೆ.